ತೊಟ್ಟಿಲ ಸುದ್ದಿ ಮಾತ್ರ ಸಾಲದು

ಮೃಗಾಲಯದಲ್ಲಿ ಮರಿ ಹುಟ್ಟಿತೆಂದರೆ ಅದು ಎಲ್ಲರಿಗೂ ಪ್ರಿಯವಾದ ವಾರ್ತೆ. ಜಿರಾಫೆ ಈಯಿತು, ಹುಲಿ ಮೂರು ಮರಿ ಹಾಕಿತು, ಹೊರದೇಶದ ಪ್ರಾಣಿ ವಿಮಾನದಲ್ಲಿ ಬಂದಿಳಿಯಿತು ಎಂದರೆ ಪತ್ರಿಕೆಗಳು ಚಿತ್ರಸಹಿತ ಪ್ರಕಟಿಸುತ್ತವೆ. ಮಂತ್ರಿಗಳು ಮರಿಗೆ ಹೆಸರಿಡುತ್ತಾರೆ. ಮರುದಿನದಿಂದ ಜನ ಸಾಲುಗಟ್ಟುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಟ್ಟಿದ ಮರಿ ಬದುಕಿತೇ, ತಂದ ಪ್ರಾಣಿ ಹೊಂದಿಕೊಂಡಿತೇ, ಸತ್ತುದಾದರೆ ಏತರಿಂದ ಸತ್ತಿತು ಎಂಬುದನ್ನು ಕೇಳುವವರು ವಿರಳ. ಹುಟ್ಟಿಗೆ ದೊರೆಯುವ ಸಂಭ್ರಮದ ಹತ್ತರಲ್ಲೊಂದು ಪಾಲಿನ ಗಮನವೂ ಸಾವಿನ ಕಾರಣಕ್ಕೆ ದೊರೆಯುವುದಿಲ್ಲ. 2025ನೆಯ ಇಸವಿಯ ನವೆಂಬರ್ ತಿಂಗಳ ಒಂದೇ ವಾರ ಈ ಮಾತನ್ನು ನಮಗೆ ಮನಗಾಣಿಸಿದೆ.

ಆ ತಿಂಗಳ 11ರಂದು ನಮ್ಮ ರಾಜ್ಯದ ತ್ರಿಶೂರು ಬಳಿಯ ಪುತ್ತೂರಿನಲ್ಲಿರುವ ಹೊಸ ಪ್ರಾಣಿಸಂಗ್ರಹಾಲಯಕ್ಕೆ ಬೀದಿನಾಯಿಗಳು ನುಗ್ಗಿ 10 ಚುಕ್ಕೆ ಜಿಂಕೆಗಳು ಸತ್ತುವು. ಅದರ ಉದ್ಘಾಟನೆಯಾಗಿ ಆಗ ಕೇವಲ ಎರಡು ವಾರ. 13ರಿಂದ ಮೊದಲ್ಗೊಂಡು ಕರ್ನಾಟಕದ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಕೃಷ್ಣಮೃಗಗಳು ಒಂದರ ಹಿಂದೊಂದು ಉರುಳತೊಡಗಿದುವು. 38ರ ಹಿಂಡಿನಲ್ಲಿ 31 ಅಳಿದುವು, ಉಳಿದುವು ಏಳು ಮಾತ್ರ. ಅದೇ ದಿನಗಳಲ್ಲಿ ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಒಂದು ಹೆಣ್ಣು ಹುಲಿಯನ್ನು ಹಿಡಿದು ತಂದು ಸಾಂಗ್ಲಿ ಜಿಲ್ಲೆಯ ಚಾಂದೋಲಿಯಲ್ಲಿ, ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬಿಡಲಾಯಿತು. ಅದು ಸುಕ್ಷೇಮವಾಗಿ ಕಾಡು ಸೇರಿತು. ಮೂರು ರಾಜ್ಯಗಳು, ಮೂರು ವಾರ್ತೆಗಳು. ಒಟ್ಟಿಗೆ ಓದಿದರೆ ಅವು ಹೇಳುವ ಪಾಠ ಒಂದೇ.

ಆ ಪಾಠ ಎಲ್ಲರಿಗಿಂತ ಹತ್ತಿರದಿಂದ ಕಂಡದ್ದು ಸಾಂಗ್ಲಿ-ಮಿರಜ ಸೀಮೆಯ ಜನರಿಗೆ. ನಮ್ಮಂತೆಯೇ ಬೇರೊಂದು ರಾಜ್ಯದ ಆಡಳಿತದೊಳಗೆ ಮನೆಮಾತನ್ನು ಉಳಿಸಿಕೊಂಡು ಬಂದಿರುವ ಕನ್ನಡ ಕುಟುಂಬಗಳು ಆ ಭಾಗದಲ್ಲಿಯೂ ಇವೆ. ಸಾಂಗ್ಲಿ ನಗರಕ್ಕೆ ಸಮೀಪದ ಸಮಡೋಳಿ ಎಂಬ ಊರನ್ನು ತೆಗೆದುಕೊಳ್ಳೋಣ. ಈಗಿನ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಶಾಂತಿಸಾಗರ ಮುನಿಗಳಿಗೆ 1924ರಲ್ಲಿ ಆಚಾರ್ಯ ಪದವಿ ಪ್ರಾಪ್ತವಾದುದು ಈ ಊರಿನಲ್ಲಿ. ಇರುವೆಯನ್ನು ಕೂಡ ತುಳಿಯಬಾರದೆಂಬ ಅಹಿಂಸೆಯ ಪಾಠ ಅಲ್ಲಿನ ಜನರಿಗೆ ಹೊಸತಲ್ಲ. ಈ ಸಮಡೋಳಿಯನ್ನು ನಡುವಿಟ್ಟು ನಕ್ಷೆ ನೋಡಿದರೆ, ಪಡುವಣಕ್ಕೆ ಅದೇ ಜಿಲ್ಲೆಯ ಚಾಂದೋಲಿ; ದಕ್ಷಿಣಕ್ಕೆ ರೈಲಿನಲ್ಲಿ ಕೆಲವೇ ತಾಸುಗಳ ಹಾದಿಯ ಬೆಳಗಾವಿ; ಇನ್ನೂ ಹತ್ತಿರದಲ್ಲಿ, ಕೊಲ್ಲಾಪುರ ಜಿಲ್ಲೆಯೊಳಗೆ, ಜೈನಮಠವಿರುವ ನಾಂದಣಿ. ಆ ಮಠದ ಆನೆಯ ಸುದ್ದಿ ಅದೇ ವರ್ಷ ದೇಶವನ್ನೇ ತಲಪಿತು. ಹುಲಿಯ ಆಗಮನ, ಕೃಷ್ಣಮೃಗಗಳ ಸಾವು, ಆನೆಯ ನಿರ್ಗಮನ ಈ ಮೂರೂ ಒಂದೇ ವರ್ಷದಲ್ಲಿ ಆ ಊರಿನ ಸುತ್ತ ನಡೆದುವು.

ಮೊದಲು ಹುಟ್ಟಿನ ವಿಷಯ. ಮೃಗಾಲಯದಲ್ಲಿ ಹುಟ್ಟಿದ ಪ್ರತಿಯೊಂದು ಮರಿಯೂ ವಂಶರಕ್ಷಣೆಯ ಸಾಧನೆಯೆಂದು ತಿಳಿಯುವುದು ಸರಿಯಲ್ಲ. ಬಿಳಿ ಹುಲಿಯ ಕಥೆಯನ್ನು ನೋಡಿರಿ. 1951ರಲ್ಲಿ ರೀವಾದ ಮಹಾರಾಜರು ಹಿಡಿಸಿದ ಮೋಹನ್ ಎಂಬ ಒಂದೇ ಹುಲಿಗೆ ಅದರ ಮಗಳನ್ನೇ ಕೂಡಿಸಿ ಬಿಳಿ ಮರಿಗಳನ್ನು ಪಡೆಯಲಾಯಿತು. ಜನರ ಕಣ್ಣಿಗೆ ಅದು ಅದ್ಭುತ. ಆದರೆ ಒಂದೇ ರಕ್ತದೊಳಗೆ ಮತ್ತೆ ಮತ್ತೆ ಕೂಡಿದುದರ ಫಲವಾಗಿ ಮೆಳ್ಳೆಗಣ್ಣು, ದುರ್ಬಲ ಮೈಕಟ್ಟು ಮುಂತಾದ ಊನಗಳು ಬೆನ್ನು ಹತ್ತಿದುವು. ಇನ್ನೊಂದು ಉದಾಹರಣೆ ಪಂಜಾಬಿನ ಛತ್‌ಬೀರ್ ಮೃಗಾಲಯದ್ದು. ನಮ್ಮ ಗಿರ್ ಕಾಡಿನ ಸಿಂಹಗಳೂ ಸರ್ಕಸ್ಸಿನ ಆಫ್ರಿಕಾ ಸಿಂಹಗಳೂ ಅಲ್ಲಿ ಬೆರೆತುವು. ಮರಿಗಳು ಹೇರಳವಾಗಿ ಹುಟ್ಟಿದುವು, ಸಂಖ್ಯೆ ಏರಿತು. ಆದರೆ ಹುಟ್ಟಿದ್ದು ಅತ್ತ ಗಿರ್ ಸಿಂಹವೂ ಅಲ್ಲ, ಇತ್ತ ಆಫ್ರಿಕಾ ಸಿಂಹವೂ ಅಲ್ಲ. ರೋಗ ತಡೆಯುವ ಶಕ್ತಿಯೂ ಕುಗ್ಗಿತ್ತು. ಕೊನೆಗೆ ಆ ಸಂತತಿಯನ್ನು ಬೆಳೆಸುವುದನ್ನೇ ನಿಲ್ಲಿಸಬೇಕಾಯಿತು. ಯಾವುದು ಯಾವುದರ ಮರಿ ಎಂಬ ಲೆಕ್ಕವನ್ನು ಮೊದಲಿನಿಂದಲೇ ಗಟ್ಟಿಯಾಗಿ ಇಟ್ಟುಕೊಂಡಿದ್ದರೆ ಆ ಎಲ್ಲ ಶ್ರಮವೂ ಖರ್ಚೂ ಉಳಿಯುತ್ತಿತ್ತು.

ಮುಂಬೈಯ ಬೈಕುಲ್ಲಾ ಮೃಗಾಲಯವನ್ನು ಸಾಂಗ್ಲಿ ಕಡೆಯವರೂ ನಮ್ಮಲ್ಲಿ ಮುಂಬೈ ಸೇರಿದವರೂ ಬಲ್ಲರು. 2016ರಲ್ಲಿ ಅಲ್ಲಿಗೆ ಕೊರಿಯಾದ ಸೋಲ್ ನಗರದಿಂದ ಎಂಟು ಪೆಂಗ್ವಿನ್ ಹಕ್ಕಿಗಳು ಬಂದುವು. ಕೆಲವೇ ತಿಂಗಳಲ್ಲಿ ಒಂದು ಸತ್ತಿತು. 2018ರ ಆಗಸ್ಟ್ 15ರಂದು ಮೊದಲ ಮರಿ ಮೊಟ್ಟೆಯೊಡೆದು ಹೊರಬಂತು. ಸ್ವಾತಂತ್ರ್ಯ ದಿನದ ಶಿಶುವೆಂದು ನಗರವೆಲ್ಲ ಹಿಗ್ಗಿತು. ಒಂದು ವಾರದೊಳಗೆ ಅದೂ ಸತ್ತಿತು. ಅನಂತರದ ವರ್ಷಗಳಲ್ಲಿ ಅಲ್ಲಿ ಮರಿಗಳು ಹುಟ್ಟಿ ಬೆಳೆದಿವೆ ಎಂಬುದನ್ನೂ ಹೇಳಬೇಕು. ಹುಟ್ಟಿಸುವುದು ಕಷ್ಟವಲ್ಲ, ಉಳಿಸುವುದು ಕಲಿತು ಬರಬೇಕಾದ ವಿದ್ಯೆ ಎಂಬುದಕ್ಕೆ ಇದು ನಿದರ್ಶನ.

ಸರಿಯಾದ ದಾರಿಯೂ ನಮ್ಮ ದೇಶಕ್ಕೆ ಗೊತ್ತಿಲ್ಲದ್ದಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿಯಲ್ಲದೆ ಲೋಕದ ಬೇರೆಲ್ಲಿಯೂ ಕಾಡಿನಲ್ಲಿ ಕಾಣಸಿಗದ ಸಿಂಗಳೀಕದ ಸಂತತಿಯನ್ನು ಕಾಯುವ ಹೊಣೆಯನ್ನು ಚೆನ್ನೈ ಬಳಿಯ ವಂಡಲೂರು ಮೃಗಾಲಯಕ್ಕೆ ಒಪ್ಪಿಸಿ, ಬೇರೆ ಮೃಗಾಲಯಗಳನ್ನು ಜೊತೆಗೂಡಿಸಲಾಗಿದೆ. ಡಾರ್ಜಿಲಿಂಗಿನ ಮೃಗಾಲಯ ಕೆಂಪು ಪಾಂಡಾಗಳನ್ನು ಬೆಳೆಸಿ ಸಿಂಗಲೀಲಾ ಕಾಡಿಗೆ ಮರಳಿ ಬಿಟ್ಟಿದೆ. ನಮಗೆ ಕೈಯಳತೆಯ ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗ ಸರ್ಪದ ಮೊಟ್ಟೆಗಳನ್ನು ಕಾಯ್ದು ಮರಿ ಮಾಡಿಸಿದ ಕೆಲಸ ನಡೆದಿದೆ. ಇಲ್ಲೆಲ್ಲ ಹುಟ್ಟಿನ ಹಿಂದೆ ಒಂದು ಉದ್ದೇಶವಿದೆ, ಅದರ ಹಿಂದೆ ಒಂದು ದಾಖಲೆಯಿದೆ.

ಎರಡನೆಯದು ಸಾಗಣೆ. ಪ್ರಾಣಿಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವುದು ಕೇವಲ ಪ್ರದರ್ಶನಕ್ಕಾಗಿ ಅಲ್ಲ. ಒಂದೇ ಹಿಂಡಿನೊಳಗೆ ಸೋದರ ಸಂಬಂಧ ಬೆಳೆಯದಂತೆ ಹೊಸ ರಕ್ತ ತರುವುದು ಅಗತ್ಯವೇ ಸರಿ. ಆದುದರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ ಬಂದ ತಿದ್ದುಪಡಿಯಂತೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ಅಪ್ಪಣೆಯಿಲ್ಲದೆ ಮೃಗಾಲಯಗಳು ಅಳಿವಿನಂಚಿನ ಪ್ರಾಣಿಗಳನ್ನು ಪಡೆಯುವಂತಿಲ್ಲ, ಕೊಡುವಂತಿಲ್ಲ. ಕಾನೂನು ಇದೆ. ಆದರೆ ಸಾಗಣೆಯ ಕಷ್ಟ ಅಪ್ಪಣೆಪತ್ರದಲ್ಲಿ ಕಾಣುವಂಥದಲ್ಲ.

2025ರ ಜುಲೈ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಆನೆ ಪ್ರಯಾಣಗಳು ನಡೆದುವು. 24ರಂದು ಬೆಂಗಳೂರಿನ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದುವು. ಪ್ರತಿಯಾಗಿ ಅಲ್ಲಿಂದ ಚೀತಾ, ಜಾಗ್ವಾರ್, ಚಿಂಪಾಂಜಿ ಮುಂತಾದವು ಬರಬೇಕೆಂಬುದು ಒಪ್ಪಂದ. ಕಾಡಾನೆಯ ನಾಡಿನಿಂದ ಆನೆ ಕೊಟ್ಟು ಚಿಂಪಾಂಜಿ ತರುವ ಈ ವಿನಿಮಯ ಬೇಕಿತ್ತೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಎದ್ದುದು ಸಹಜ. ಆ ಪ್ರಶ್ನೆ ನಮ್ಮದೂ ಹೌದು. ಆದರೆ ಸಾಗಿಸಿದ ಕ್ರಮದಲ್ಲಿ ಒಂದು ಎಚ್ಚರವಿತ್ತೆಂಬುದನ್ನು ಒಪ್ಪಬೇಕು. ಆನೆಗಳಿಗೆ ತಿಂಗಳುಗಟ್ಟಲೆ ಮೊದಲೇ ಪೆಟ್ಟಿಗೆಯೊಳಗೆ ನಿಲ್ಲುವ ಅಭ್ಯಾಸ ಮಾಡಿಸಲಾಗಿತ್ತು. ಜಪಾನಿನ ಪಾಲಕರು ಬನ್ನೇರುಘಟ್ಟಕ್ಕೆ ಬಂದು ಆನೆಗಳ ಗುಣ ಅರಿತರು. ಇಲ್ಲಿನ ಪಾಲಕರು ಜೊತೆಗೆ ಹೋಗಿ ಕೆಲವು ದಿನ ಅಲ್ಲಿ ನಿಂತರು. ಆನೆ ತಿಳಿಯುವುದು ತನ್ನ ಮಾವುತನ ಮಾತನ್ನು. ಕರೆದ ಸ್ವರ ಬದಲಾದರೆ, ಮುಟ್ಟಿದ ಕೈ ಬದಲಾದರೆ ಅದಕ್ಕೆ ಲೋಕವೇ ಬದಲಾದಂತೆ. ಮಾತು ತಿಳಿಯದ ನೆಲದಲ್ಲಿ ಮೊದಲ ದಿನಗಳು ಹೇಗಿರುತ್ತವೆಂದು ನಮ್ಮ ಓದುಗರಿಗೆ ನಾವು ವಿವರಿಸಬೇಕಾದುದಿಲ್ಲ.

ಅದೇ ತಿಂಗಳ ಕೊನೆಗೆ ನಾಂದಣಿ ಮಠದ ಆನೆ ಮಹಾದೇವಿ ಗುಜರಾತಿನ ಜಾಮ್‌ನಗರದ ವನತಾರಾಕ್ಕೆ ಹೊರಟಿತು. ಕರ್ನಾಟಕದಿಂದ ಎಳೆಯ ಮರಿಯಾಗಿ ಬಂದು ಮೂವತ್ತಕ್ಕಿಂತಲೂ ಹೆಚ್ಚು ವರ್ಷ ಆ ಮಠದಲ್ಲಿದ್ದ ಆನೆ ಅದು. ಅದರ ಕೀಲುಬೇನೆ, ಕಾಲಿನ ಹುಣ್ಣುಗಳ ಬಗ್ಗೆ ಪ್ರಾಣಿದಯಾ ಸಂಸ್ಥೆಯೊಂದು ದೂರಿತ್ತು. ಪರಿಶೀಲನೆ ನಡೆದು, ಮುಂಬೈ ಹೈಕೋರ್ಟು ಜುಲೈ 16ರಂದು ಸ್ಥಳಾಂತರಕ್ಕೆ ಒಪ್ಪಿತು. ಧಾರ್ಮಿಕ ಪದ್ಧತಿಗೂ ಆನೆಯ ಹಿತಕ್ಕೂ ತಿಕ್ಕಾಟ ಬಂದಲ್ಲಿ ಆನೆಯ ಹಿತವೇ ಮೊದಲು ಎಂಬುದು ನ್ಯಾಯಾಲಯದ ನಿಲುವು. ಸುಪ್ರೀಂ ಕೋರ್ಟಿನಲ್ಲಿಯೂ ಅದೇ ಉಳಿಯಿತು. ಬೀಳ್ಕೊಡುವ ದಿನ ಊರಿಗೆ ಊರೇ ಕಣ್ಣೀರಿಟ್ಟಿತು. ಆಗಸ್ಟ್ 3ರಂದು ಸಾವಿರಾರು ಮಂದಿ ನಾಂದಣಿಯಿಂದ ಕೊಲ್ಲಾಪುರದ ವರೆಗೆ ಮೌನವಾಗಿ ನಡೆದರು. ಮಹಾರಾಷ್ಟ್ರ ಸರಕಾರ ಜನರ ಕಡೆ ನಿಂತು ಮಾತನಾಡಿತು. ನಾಂದಣಿ ಪರಿಸರದಲ್ಲಿಯೇ ಆನೆಗೆ ಆರೈಕೆ ಕೇಂದ್ರ ಕಟ್ಟುವ ಪ್ರಸ್ತಾಪವೂ ಬಂತು.

ಈ ಪ್ರಕರಣದಲ್ಲಿ ಒಂದು ಪಕ್ಷವನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಸುಲಭ. ಆದರೆ ಜನರ ಪ್ರೀತಿ ಸುಳ್ಳಲ್ಲ, ಆನೆಯ ಕಾಲುನೋವೂ ಸುಳ್ಳಲ್ಲ. ಪ್ರೀತಿ ಬೇರೆ, ಆರೈಕೆ ಬೇರೆ. ಆನೆಯ ಪಾದ ಗಟ್ಟಿ ನೆಲದ ಮೇಲೆ ವರ್ಷಾನುಗಟ್ಟಲೆ ನಿಂತರೆ ಸವೆಯುತ್ತದೆ, ಬಿರಿಯುತ್ತದೆ. ಅದಕ್ಕೆ ಮಣ್ಣಿನ ನೆಲ ಬೇಕು, ದಿನವೂ ನಡಿಗೆ ಬೇಕು, ನೀರು ಬೇಕು, ತನ್ನ ಜಾತಿಯ ಜೊತೆ ಬೇಕು. ಇಂಥ ಆರೈಕೆ ಕಣ್ಣೀರಿನಿಂದ ಆಗುವಂಥದಲ್ಲ. ವೈದ್ಯರು ಮೊದಲ ವರ್ಷದಿಂದಲೇ ಕ್ರಮವಾಗಿ ಪರೀಕ್ಷಿಸಿ ಬರೆದಿಟ್ಟ ಪುಸ್ತಕವೊಂದು ಊರಿನವರ ಕಣ್ಣಿಗೂ ಬೀಳುವಂತಿದ್ದರೆ, ಬೇನೆ ಹೆಚ್ಚುವ ಮೊದಲೇ ಊರು ಎಚ್ಚರಗೊಳ್ಳುತ್ತಿತ್ತು, ಕೋರ್ಟಿನ ಮೆಟ್ಟಿಲು ಹತ್ತುವ ಸಂದರ್ಭವೂ ಬರಲಾರದಿತ್ತು ಎಂಬುದೇ ನಮ್ಮ ಅನಿಸಿಕೆ.

ಒಂಟಿತನದ ಪ್ರಶ್ನೆ ಮೃಗಾಲಯಗಳಿಗೂ ತಪ್ಪಿದ್ದಲ್ಲ. ಮೈಸೂರಿಗೆ ಪ್ರವಾಸ ಹೋದ ನಮ್ಮ ಶಾಲಾ ಮಕ್ಕಳಲ್ಲಿ ಅನೇಕರು ಪೋಲೋ ಎಂಬ ಗೊರಿಲ್ಲಾವನ್ನು ಕಂಡಿರಬಹುದು. 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಬಂದ ಅದು ಬಹುಕಾಲ ಈ ದೇಶದ ಏಕಮಾತ್ರ ಗೊರಿಲ್ಲಾ ಆಗಿ, ಒಂಟಿಯಾಗಿಯೇ ಬದುಕಿ, 2014ರಲ್ಲಿ ಸತ್ತಿತು. ಗೊರಿಲ್ಲಾ ಗುಂಪಿನಲ್ಲಿ ಬಾಳುವ ಪ್ರಾಣಿ. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ತಂದರು. ಅನುಭವದಿಂದ ಪಾಠ ಕಲಿತುದು ಶ್ಲಾಘನೀಯ. ಚಾಂದೋಲಿಯ ಹುಲಿಯ ವಿಷಯದಲ್ಲಿಯೂ ಹಾಗೆಯೇ. ಅದನ್ನು ತಂದ ಕೂಡಲೇ ಕಾಡಿಗೆ ಅಟ್ಟಲಿಲ್ಲ. ಬೇಲಿಯೊಳಗಿನ ವಿಶಾಲ ಆವರಣದಲ್ಲಿ ಮೊದಲು ಇಟ್ಟು, ನೆಲದ ಗುರುತಾದ ಮೇಲೆ ಬಾಗಿಲು ತೆರೆದರು. ಸಾಗಣೆಗೂ ಒಂದು ತಾಳ್ಮೆ ಬೇಕು.

ಮೂರನೆಯದು ಆಧುನೀಕರಣ. ಮೈಸೂರು ಮೃಗಾಲಯ 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ಸಂಗ್ರಹವಾಗಿ ಮೊದಲಾಗಿ, 1909ರಲ್ಲಿ ಅವರ ಹೆಸರನ್ನು ತಳೆಯಿತು. ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಕೈ ಅದರ ವಿನ್ಯಾಸದಲ್ಲಿದೆ. ಕಬ್ಬಿಣದ ಪಂಜರದ ಬದಲು ಕಂದಕ, ಮರ, ಬಯಲು ಎಂಬ ಕಲ್ಪನೆಗೆ ದಕ್ಷಿಣದಲ್ಲಿ ಅದು ಮಾದರಿಯಾಯಿತು. ತ್ರಿಶೂರಿನ ಹಳೆಯ ಮೃಗಾಲಯ 1885ರದ್ದು, ನಗರದ ನಡುವೆ ಹದಿಮೂರೂವರೆ ಎಕರೆಯಲ್ಲಿ ಮುದುಡಿಕೊಂಡಿತ್ತು. ಅದರ ಪ್ರಾಣಿಗಳಿಗಾಗಿ ಪುತ್ತೂರಿನಲ್ಲಿ 336 ಎಕರೆ ಜಾಗ, ಆಸ್ಟ್ರೇಲಿಯದ ತಜ್ಞ ಜಾನ್ ಕೋ ಅವರ ವಿನ್ಯಾಸ, ಸಹಜ ಕಾಡಿನಂತಹ ಆವರಣಗಳು. ಕೇರಳ ಸರಕಾರ ಇದನ್ನು ಸಾಧಿಸಿದುದು ಮೆಚ್ಚಬೇಕಾದ ವಿಷಯ. ಆದರೆ ಆ ವಿಶಾಲ ಯೋಜನೆಯ ನಡುವೆ ಬೀದಿನಾಯಿ ನುಸುಳುವಷ್ಟು ಎಡೆ ಉಳಿಯಿತು. ಜಿಂಕೆಗೆ ಕಚ್ಚಿದ ಗಾಯವೇ ಬೇಕಿಲ್ಲ. ಭಯದಿಂದ ಮಿತಿಮೀರಿ ಓಡಿದಾಗ ಅದರ ಮಾಂಸಖಂಡಗಳೇ ಒಡೆದು ವಿಷವಾಗಿ ಹೃದಯವನ್ನು ನಿಲ್ಲಿಸುತ್ತವೆ. ಇದು ಜಿಂಕೆ ಸಾಕುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಎಷ್ಟು ಎಕರೆ ಎಂಬುದಕ್ಕಿಂತ ಸಂಜೆ ಬೇಲಿಯ ಸುತ್ತ ಒಬ್ಬನು ನಡೆದು ನೋಡಿದನೇ ಎಂಬುದು ಆ ರಾತ್ರಿ ಹೆಚ್ಚು ಮುಖ್ಯವಾಗಿತ್ತು.

ಬೆಳಗಾವಿಯ ಕೃಷ್ಣಮೃಗಗಳನ್ನು ಕೊಂದದ್ದು ಗಳಲೆ ರೋಗವೆಂದು ಪರೀಕ್ಷೆಯಿಂದ ತಿಳಿದುಬಂತು. ದನ ಎಮ್ಮೆ ಸಾಕಿದವರಿಗೆಲ್ಲ ಈ ಬೇನೆ ಗೊತ್ತು. ಮಳೆಗಾಲದ ಮುಂಚೆ ಹಟ್ಟಿಯ ದನಗಳಿಗೆ ಹಾಕಿಸುವ ಚುಚ್ಚುಮದ್ದುಗಳಲ್ಲಿ ಇದರದ್ದೂ ಒಂದು. ಇದರ ರೋಗಾಣು ಪ್ರಾಣಿಯ ಗಂಟಲಲ್ಲಿ ಸುಮ್ಮನೆ ಅಡಗಿದ್ದು, ಚಳಿ, ದಣಿವು, ಭಯಗಳಿಂದ ಶಕ್ತಿ ಕುಂದಿದಾಗ ತಲೆಯೆತ್ತುತ್ತದೆ. ಒಮ್ಮೆ ಎದ್ದರೆ ಒಂದೆರಡು ದಿನಗಳೊಳಗೆ ಮುಗಿಸುತ್ತದೆ. ಕೃಷ್ಣಮೃಗವನ್ನು ಹಿಡಿದು ಚುಚ್ಚುವುದು ಹಸುವನ್ನು ಹಿಡಿದಷ್ಟು ಸುಲಭವಲ್ಲ, ಹಿಡಿಯುವ ಭಯವೇ ಅದಕ್ಕೆ ಮಾರಕವಾದೀತು. ಆದುದರಿಂದಲೇ ರೋಗ ಒಳಬಾರದಂತೆ ತಡೆಯುವುದು ಇಲ್ಲಿ ಮುಖ್ಯ. ಮೇವು ಎಲ್ಲಿಂದ ಬಂತು, ಗೇಟಿನಲ್ಲಿ ಕಾಲು ತೊಳೆಯುವ ಔಷಧನೀರು ಇದೆಯೇ, ಸುತ್ತಲಿನ ಊರಿನ ದನಗಳಿಗೆ ಲಸಿಕೆಯಾಗಿದೆಯೇ, ಹೊಸ ಪ್ರಾಣಿಯನ್ನು ಪ್ರತ್ಯೇಕವಾಗಿ ಇಟ್ಟು ನೋಡಿದರೇ, ಮೊದಲ ಸಾವಿನ ದಿನವೇ ಉಳಿದುವನ್ನು ಬೇರ್ಪಡಿಸಲು ಜಾಗವಿತ್ತೇ? 2000ದಲ್ಲಿ ಒಡಿಶಾದ ನಂದನಕಾನನದಲ್ಲಿ ರಕ್ತರೋಗದಿಂದ 12 ಹುಲಿಗಳು ಸತ್ತಾಗಲೂ ದೇಶ ಇವೇ ಪ್ರಶ್ನೆಗಳನ್ನು ಕೇಳಿತ್ತು. ಕಾಲು ಶತಮಾನದ ಅನಂತರವೂ ಅವನ್ನೇ ಕೇಳಬೇಕಾಗಿ ಬಂದುದು ಖೇದಕರ.

ಹೀಗಾದರೆ ಮೃಗಾಲಯಗಳೇ ಬೇಡ, ಮುಚ್ಚಿಬಿಡಿ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಕರುಣೆಯಿದೆ. ಆದರೆ ಸರ್ಕಸ್ಸಿನಿಂದ ಬಿಡಿಸಿ ತಂದ ಸಿಂಹ, ಉರುಳಿಗೆ ಸಿಕ್ಕಿ ಕಾಲು ಕಳಕೊಂಡ ಚಿರತೆ, ತಾಯಿ ಸತ್ತ ಕರಡಿಮರಿ ಇವಕ್ಕೆ ಕಾಡಿನ ಬಾಗಿಲು ಮುಚ್ಚಿಹೋಗಿದೆ. ಅವನ್ನು ಸಾಕಲು ಒಂದು ಆಸರೆ ಬೇಕು. ಕಾಡನ್ನೇ ಕಾಣದ ಪೇಟೆಯ ಮಗುವಿಗೆ ಜೀವಂತ ಪ್ರಾಣಿಯೊಂದರ ಎದುರು ನಿಂತ ಅರ್ಧ ಗಳಿಗೆ ಪಾಠಪುಸ್ತಕದ ಹತ್ತು ಪುಟಗಳಿಗೆ ಸಮ. ಮೃಗಾಲಯ ಇರಲಿ. ಆದರೆ ಅದು ಲೆಕ್ಕ ಒಪ್ಪಿಸುವ ಮೃಗಾಲಯವಾಗಲಿ.

ಶಾಲೆಯ ಉದಾಹರಣೆ ಕೊಟ್ಟರೆ ನಮ್ಮ ಓದುಗರಿಗೆ ಇದು ಬೇಗ ಮನವರಿಕೆಯಾದೀತು. ಒಂದು ಶಾಲೆಯನ್ನು ನಾವು ಅಳೆಯುವುದು ದಾಖಲಾತಿಯ ದಿನದ ಮೆರವಣಿಗೆಯಿಂದಲ್ಲ. ಹಾಜರಿ ಪುಸ್ತಕ ನೋಡುತ್ತೇವೆ. ಸೇರಿದ ಮಗು ಉಳಿಯಿತೇ, ಬಿಟ್ಟುಹೋದುದಾದರೆ ಏಕೆ, ಟಿ.ಸಿ. ಪಡೆದು ಎಲ್ಲಿಗೆ ಹೋಯಿತು ಎಂದು ಕೇಳುತ್ತೇವೆ. ಅಷ್ಟೇ ಸರಳವಾದ ಪುಸ್ತಕ ಮೃಗಾಲಯಕ್ಕೂ ಬೇಕು. ನಿಯಮಗಳಂತೆ ಪ್ರಾಣಿಗಳ ದಾಖಲೆ ಇಡುವುದೂ ಸತ್ತ ಪ್ರಾಣಿಯ ಶವಪರೀಕ್ಷೆ ಮಾಡಿಸುವುದೂ ಕಡ್ಡಾಯವೇ ಆಗಿದೆ. ಆದರೆ ಅವು ದೆಹಲಿಗೆ ಹೋಗುವ ಇಂಗ್ಲಿಷ್ ವರದಿಗಳಲ್ಲಿ ಅಡಗಿವೆ. ಟಿಕೇಟು ಕೊಂಡು ಒಳಹೋಗುವ ಸಾಮಾನ್ಯನಿಗೆ ಅವು ಕಾಣುವುದಿಲ್ಲ.

ಆದುದರಿಂದ ನಮ್ಮ ಒತ್ತಾಯ ಮೂರೇ ಮೂರು. ಪ್ರತಿಯೊಂದು ಮೃಗಾಲಯವೂ ತನ್ನ ಬಾಗಿಲಲ್ಲಿಯೇ ಒಂದು ಫಲಕ ನಿಲ್ಲಿಸಲಿ. ಈ ವರ್ಷ ಹುಟ್ಟಿದುವೆಷ್ಟು, ಬಂದುವೆಷ್ಟು, ಹೋದುವೆಷ್ಟು, ಸತ್ತುವೆಷ್ಟು, ಕಾರಣವೇನು ಎಂಬುದನ್ನು ಊರಿನ ಜನ ಓದುವ ಭಾಷೆಯಲ್ಲಿ ಬರೆಯಲಿ. ಬೆಳಗಾವಿಯಲ್ಲಿ ಕನ್ನಡದಲ್ಲಿ, ತ್ರಿಶೂರಿನಲ್ಲಿ ಮಲಯಾಳದಲ್ಲಿ, ಮುಂಬೈಯಲ್ಲಿ ಮರಾಠಿಯಲ್ಲಿ. ಎರಡನೆಯದಾಗಿ, ಹೊಸ ಪ್ರಾಣಿ ತರಲು ಹಣ ಮಂಜೂರು ಮಾಡುವ ಮೊದಲು ಪಾಲಕರ ಖಾಲಿ ಹುದ್ದೆಗಳನ್ನು ತುಂಬಲಿ. ಯಾವ ಜಿಂಕೆ ಬೆಳಗ್ಗೆ ಮೇವು ಮುಟ್ಟಲಿಲ್ಲ ಎಂದು ಮೊದಲು ತಿಳಿಯುವವನು ವೈದ್ಯನಲ್ಲ, ನಿತ್ಯ ಮೇವು ಹಾಕುವ ಪಾಲಕ. ದಿನಗೂಲಿಯವನಾಗಿ ಇಂದು ಬಂದು ನಾಳೆ ಹೋಗುವವನಿಗೆ ಆ ಕಣ್ಣು ಬರುವುದಿಲ್ಲ. ಮೂರನೆಯದಾಗಿ, ಸಾಗಣೆಯ ಪ್ರತಿಯೊಂದು ಪ್ರಸ್ತಾಪದೊಡನೆ ಅದು ಆ ಪ್ರಾಣಿಯ ಸಂತತಿಗಾಗಿಯೋ, ಆರೋಗ್ಯಕ್ಕಾಗಿಯೋ, ನೋಡುಗರ ಕುತೂಹಲಕ್ಕಾಗಿಯೋ ಎಂಬುದನ್ನು ಸ್ಪಷ್ಟವಾಗಿ ಸಾರಲಿ. ಕೊನೆಯ ಕಾರಣವೊಂದೇ ಆದಲ್ಲಿ ಅಂಥ ಸಾಗಣೆ ಬೇಡ.

ಜನರ ಪಾಲಿನ ಕರ್ತವ್ಯವೂ ಇದೆ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಪಿಲಿಕುಳಕ್ಕೂ ಮೈಸೂರಿಗೂ ಹೊರಡುತ್ತವೆ. ಮಲಗಿದ ಹುಲಿಯನ್ನು ಎಬ್ಬಿಸಲು ಕಲ್ಲೆಸೆಯುವುದು, ಮಂಗಕ್ಕೆ ತಿಂಡಿಯ ಪೊಟ್ಟಣ ಹಾಕುವುದು ಇಂದಿಗೂ ನಿಂತಿಲ್ಲ. ಹೊರಡುವ ಮುನ್ನ ತರಗತಿಯಲ್ಲಿ ಹತ್ತು ನಿಮಿಷ ಹೇಳಿದರೆ ಮಕ್ಕಳು ಕೇಳುತ್ತಾರೆ. ಮೈಸೂರಿನಲ್ಲಿ 2001ರಿಂದ ಪ್ರಾಣಿಗಳನ್ನು ದತ್ತು ಪಡೆಯುವ ಏರ್ಪಾಡು ಇದೆ. ತರಗತಿಯ ಮಕ್ಕಳೆಲ್ಲ ಕೂಡಿ ಒಂದು ಚಿಕ್ಕ ಹಕ್ಕಿಯ ವರ್ಷದ ಕಾಳಿನ ಖರ್ಚು ವಹಿಸುವುದು ಅಸಾಧ್ಯದ ಮಾತಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಅಲ್ಲಿನ ಪಾಲಕನೊಬ್ಬನನ್ನು ನಿಲ್ಲಿಸಿ, ಹೋದ ವರ್ಷ ಹುಟ್ಟಿದ ಮರಿ ಈಗ ಹೇಗಿದೆಯೆಂದು ಮಕ್ಕಳು ಕೇಳಲಿ.

ಭೂತರಾಮನಹಟ್ಟಿಯಲ್ಲಿ ಬದುಕಿ ಉಳಿದುವು ಏಳು ಕೃಷ್ಣಮೃಗಗಳು. ಮುಂದೆ ಅಲ್ಲಿ ಮರಿ ಹುಟ್ಟಿದರೆ ಆ ವಾರ್ತೆಯನ್ನು ನಾವು ಸಂತೋಷದಿಂದಲೇ ಪ್ರಕಟಿಸುವೆವು. ಆ ಮರಿಗೆ ಒಂದು ವರ್ಷ ತುಂಬಿದ ವಾರ್ತೆಯನ್ನೂ ಕಳುಹಿಸಿಕೊಡಬೇಕೆಂದು ಅಧಿಕಾರಿವರ್ಗವನ್ನು ಈಗಲೇ ಕೇಳಿಕೊಳ್ಳುತ್ತೇವೆ.